ಬ್ಯಾಂಕಾಕಿನಲ್ಲಿ ಬೇವು

ಅಪ್ಪ ತೀರಿಕೊಂಡ ವರ್ಷ, ಮನೆಯಲ್ಲಿ ಯುಗಾದಿ ಇರಲಿಲ್ಲ. ಅದೇ ನೆಪ ಮಾಡಿಕೊಂಡು ಬ್ಯಾಂಕಾಕ್ ಪ್ರಾಜೆಕ್ಟಿಗೆ ಹೊರಟುಬಿಟ್ಟೆ. ಆ ಖಾಲಿ ಹಬ್ಬದ ದಿನ ಅಮ್ಮನ ಎದುರು ಕೂರುವ ಧೈರ್ಯವಿರಲಿಲ್ಲ, ಅಷ್ಟೇ.

ಬೆಳಿಗ್ಗೆ ಕ್ಲಾಂಗ್ ತೋಯ್ ಮಾರ್ಕೆಟ್ಟಿನ ನೂಕುನುಗ್ಗಲಲ್ಲಿ ನೋಡಿದರೆ, ಮೊಗ್ಗಿನ ಸಮೇತ ಕಟ್ಟು ಕಟ್ಟಿಟ್ಟ ಬೇವಿನ ಚಿಗುರು! ಅಲ್ಲಿಯವರಿಗೆ ಅದು ‘ಸದಾವ್’. ಬೇಯಿಸಿ, ತಾಳೆಬೆಲ್ಲ-ಹುಣಸೆಹುಳಿಯ ಸಾಸಿನಲ್ಲಿ ಅದ್ದಿಕೊಂಡು, ಸುಟ್ಟ ಮೀನಿನ ಜೊತೆ ತಿನ್ನುತ್ತಾರೆ. ಮೀನೊಂದು ಬಿಟ್ಟರೆ (ಸಾಸಿನಲ್ಲೂ ಅದರ ರಸ ಇರುತ್ತದೆ!) ನಮ್ಮ ಬೇವು-ಬೆಲ್ಲವೇ. ಹಸಿ ಚಿಗುರೊಂದನ್ನು ಹಾಗೇ ಅಗಿದೆ. ಬರೀ ಕಹಿ.

ಸಂಜೆ ಫೋನಿನಲ್ಲಿ ಅಮ್ಮನಿಗೆ ಹೇಳಿದೆ.

“ಈ ವರ್ಷ ಹಬ್ಬ ಇಲ್ಲ ಕಣೋ” ಅಂದಳು. ಸ್ವಲ್ಪ ಹೊತ್ತು ಬಿಟ್ಟು, “ನಾನೂ ಒಂದೆಲೆ ತಿಂದೆ. ಯಾರಿಗೂ ಹೇಳ್ಬೇಡ.”