ಹಸಿರು ಉಂಗುರದ ಹೀರೋ ವಿಲನ್ ಆದಾಗ!

ಸಿನಿಮಾದಲ್ಲಿ ಹೀರೋ ದಾರಿ ತಪ್ಪಿದರೆ ಕ್ಲೈಮ್ಯಾಕ್ಸ್ ಹೊತ್ತಿಗೆ ಸರಿಹೋಗ್ತಾನೆ. ಅಮೆರಿಕದ ಡಿಸಿ ಕಾಮಿಕ್ಸ್‌ನ ಹಾಲ್ ಜೋರ್ಡನ್‌ಗೆ ಮಾತ್ರ ಹತ್ತು ವರ್ಷ ಬೇಕಾಯ್ತು!

1959ರಿಂದ ಹಸಿರು ಉಂಗುರ ತೊಟ್ಟು 'ಗ್ರೀನ್ ಲ್ಯಾಂಟರ್ನ್' ಆಗಿ ಮೆರೆದ ಧೀರ ಈತ. 1993ರ ಕಥೆಯಲ್ಲಿ ಅವನ ಊರು ಕೋಸ್ಟ್ ಸಿಟಿ ಬೂದಿಯಾಯ್ತು. ಸತ್ತವರು 70 ಲಕ್ಷ! ಉಂಗುರದ ಬಲದಿಂದ ಊರನ್ನು ಮತ್ತೆ ಎಬ್ಬಿಸಹೊರಟ. ಉಂಗುರ ಕೊಟ್ಟ ಒಡೆಯರು ಕೂಡದೆಂದರು. 1994ರಲ್ಲಿ ಜೊತೆಗಾರರನ್ನೇ ಹೊಡೆದುರುಳಿಸಿ, ಅವರ ಉಂಗುರ ಕಿತ್ತು, 'ಪ್ಯಾರಲ್ಯಾಕ್ಸ್' ಆಗಿಬಿಟ್ಟ. ಹಳೇ ಹಾಲ್ ಮುಗಿದ. ಅವನ ಜಾಗಕ್ಕೆ ಕೈಲ್ ರೇನರ್ ಎಂಬ ಹೊಸ ಹುಡುಗ ಬಂದ.

2004ರಲ್ಲಿ ಶುರುವಾದ ಕಥೆಯಲ್ಲಿ ಲೇಖಕ ಜೆಫ್ ಜಾನ್ಸ್ ಹೇಳಿದ್ದೇನು? ಪ್ಯಾರಲ್ಯಾಕ್ಸ್ ಅನ್ನೋದು ಭಯದ ಭೂತ, ಅದು ಹಾಲ್‌ನ ಮೈಮೇಲೆ ಬಂದಿತ್ತು, ಅಷ್ಟೇ! 2011ರ ಸಿನಿಮಾದಲ್ಲೂ ಪ್ಯಾರಲ್ಯಾಕ್ಸ್ ಬೇರೆಯೇ ಒಬ್ಬ ವಿಲನ್.

ಮೂರು ಸಲ ಓದಿದರೂ ನನಗಿದು ಒಪ್ಪಿಗೆಯಿಲ್ಲ, ಸ್ವಾಮಿ. ಊರನ್ನೇ ಕಳಕೊಂಡವನು ಕೆರಳೋದಕ್ಕೆ ಭೂತ ಬೇಕೆ? 1996ರ ಕಥೆಯಲ್ಲಿ ಆರಿಹೋಗುತ್ತಿದ್ದ ಸೂರ್ಯನನ್ನು ಉಳಿಸಲು ಅವನು ಪ್ರಾಣವನ್ನೇ ಕೊಟ್ಟ. ಅದನ್ನು ಓದಿ ನನ್ನ ಕಣ್ಣು ಒದ್ದೆಯಾಗಿತ್ತು. ತಪ್ಪೇ ಅವನದಲ್ಲ ಅಂದ್ಮೇಲೆ, ಆ ಪ್ರಾಯಶ್ಚಿತ್ತ ಯಾರದು? ನೀವೇ ಹೇಳಿ!