ಮನಗೂಳಿಯ ಎರೆ ಹೊಲ, ಉತಾರದ ಬೋಜಾ

ವಿಜಯಪುರದಿಂದ ಹೊಸಪೇಟೆಯತ್ತ ಹೋಗುವ ಹೆದ್ದಾರಿಯಲ್ಲಿ ಸುಮಾರು 20 ಕಿ.ಮೀ. ಸಾಗಿದರೆ ಸಿಗುವ ಊರು ಮನಗೂಳಿ. ಬಸವನ ಬಾಗೇವಾಡಿ ತಾಲ್ಲೂಕಿನ ಈ ಊರಿನ ಹೆಸರು ವಿಜಯಪುರದ ಕೋಟೆಗೂ ಅಂಟಿಕೊಂಡಿದೆ. ಕೋಟೆಯ ಒಂದು ಬಾಗಿಲನ್ನು ಜನ ಇಂದಿಗೂ ಮನಗೂಳಿ ಅಗಸಿ ಎಂದೇ ಕರೆಯುತ್ತಾರೆ. ದಾರಿಯ ಎರಡೂ ಬದಿಗೆ ಕಣ್ಣು ಹಾಯಿಸಿದಷ್ಟು ದೂರ ಎರೆ ಭೂಮಿ. ಗಿಡಮರ ವಿರಳ. ಡಿಸೆಂಬರ್ ಹೊತ್ತಿಗೆ ಬಿಳಿಜೋಳ ಆಳೆತ್ತರ ನಿಂತಿರುತ್ತದೆ, ಕಡಲೆ ನೆಲಕ್ಕೆ ಹಸಿರು ಹಾಸಿರುತ್ತದೆ. ಎಳ್ಳಮಾವಾಸ್ಯೆಯ ದಿನ ಬಂಡಿ, ಟ್ರ್ಯಾಕ್ಟರುಗಳಲ್ಲಿ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಉಣ್ಣುವುದನ್ನು ನೋಡಬೇಕು. ಹೊಲವೆಂದರೆ ಇಲ್ಲಿ ಬರಿಯ ಆಸ್ತಿಯಲ್ಲ, ತಾಯಿ.

ಹೊಲದ ಹಕ್ಕನ್ನು ಬರೆದಿಡುವ ರೂಢಿ ಈ ಊರಿಗೆ ಹೊಸದೇನಲ್ಲ. ಶಾಸನಗಳಲ್ಲಿ ಮನಗೂಳಿಯ ಹೆಸರು ಮಣಿಂಗವಳ್ಳಿ. ಇಲ್ಲಿನ ಶಾಸನಗಳನ್ನು ಜೆ.ಎಫ್. ಫ್ಲೀಟ್ ‘ಎಪಿಗ್ರಾಫಿಯಾ ಇಂಡಿಕಾ’ದ 5ನೇ ಸಂಪುಟದಲ್ಲಿ ಪ್ರಕಟಿಸಿದರು. ಅವುಗಳಲ್ಲಿ 12ನೇ ಶತಮಾನದ ಕಲಚುರಿ ಬಿಜ್ಜಳನ ಕಾಲದ ಶಾಸನವೂ ಉಂಟು. ಇಂಥ ದಾನಶಾಸನಗಳಲ್ಲಿ ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಎಷ್ಟು ಭೂಮಿ ಎಂಬುದು ಕಲ್ಲಿನಲ್ಲಿ ಕೊರೆದಿರುತ್ತದೆ. ಕೊನೆಗೆ, ಇದಕ್ಕೆ ತಪ್ಪಿ ನಡೆದವರಿಗೆ ಶಾಪ. ಇಂದು ಆ ಕಲ್ಲಿನ ಜಾಗದಲ್ಲಿ ಒಂದು ಹಾಳೆಯಿದೆ. ಸರ್ಕಾರದ ಭಾಷೆಯಲ್ಲಿ ಅದು ಪಹಣಿ, ಊರವರ ಬಾಯಲ್ಲಿ ಉತಾರ. ಅದರ 11ನೇ ಅಂಕಣದಲ್ಲಿ ಹೊಲದ ಮೇಲಿನ ಋಣ ದಾಖಲಾಗುತ್ತದೆ. ಈ ಸೀಮೆಯವರು ಅದನ್ನು ಬೋಜಾ ಎನ್ನುತ್ತಾರೆ. “ಹೊಲಾ ಐತ್ರಿ, ಆದ್ರ ಉತಾರದಾಗ ಬೋಜಾ ಕುಂತೈತಿ” ಎಂಬ ಮಾತು ಇಲ್ಲಿನ ಚಹಾದಂಗಡಿಗಳಲ್ಲಿ ಅಪರೂಪವಲ್ಲ.

ಸಾಲ ಏಕೆ ಎಂದು ಕೇಳಬೇಕಾಗಿಲ್ಲ. ಡೋಣಿ ಹರಿದರೆ ಓಣಿಯೆಲ್ಲ ಕಾಳು ಎಂಬುದು ಈ ಭಾಗದ ಗಾದೆ. ಹರಿಯದ ವರ್ಷ ಓಣಿಯೆಲ್ಲ ಸಾಲ. ಎರೆ ಮಣ್ಣು ತೇವವನ್ನು ಬಹುಕಾಲ ಹಿಡಿದಿಟ್ಟುಕೊಳ್ಳುತ್ತದೆ, ನಿಜ. ಆದರೆ ಹಿಡಿದಿಡಲು ಮೊದಲು ಮಳೆ ಬೀಳಬೇಕಲ್ಲ!

ಹಿಂದೆ ಈ ಪ್ರದೇಶ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1875ರಲ್ಲಿ ಪುಣೆ, ಅಹ್ಮದ್‌ನಗರ ಜಿಲ್ಲೆಗಳ ರೈತರು ಸಾಹುಕಾರರ ಸಾಲಪತ್ರಗಳನ್ನು ಕಸಿದು ಸುಟ್ಟರು. ಅದರ ಫಲವಾಗಿ 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯ್ದೆ ಬಂತು. ಮೊದಲು ನಾಲ್ಕು ಜಿಲ್ಲೆಗಳಿಗೆ ಅನ್ವಯಿಸಿದ ಅದರ ಭಾಗಗಳು ಮುಂದೆ ಪ್ರಾಂತದ ಇತರೆಡೆಗೂ ವಿಸ್ತರಿಸಿದವು. 1947ರ ಮುಂಬಯಿ ಕೃಷಿ ಸಾಲಗಾರರ ಪರಿಹಾರ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ನ್ಯಾಯಾಲಯವೇ ರೈತನ ಆಸ್ತಿಯ ಬೆಲೆ ಕಟ್ಟಿ, ತೀರಿಸುವ ಶಕ್ತಿಗೆ ತಕ್ಕಷ್ಟು ಸಾಲವನ್ನು ಇಳಿಸಿ, ವಾರ್ಷಿಕ ಕಂತು ಗೊತ್ತುಮಾಡುತ್ತಿತ್ತು. ಸಾಲ ತೀರಬೇಕು, ಹೊಲವೂ ಉಳಿಯಬೇಕು ಎಂಬುದು ಅದರ ಆಶಯ.

ಈಗಿನ ಪರಿಸ್ಥಿತಿಯನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಒಂದು ಮನೆತನಕ್ಕೆ 4 ಎಕರೆ ಹೊಲವಿದೆ, ಎಕರೆಗೆ 8 ಲಕ್ಷ ರೂಪಾಯಿ ಬೆಲೆ ಎಂದಿಟ್ಟುಕೊಳ್ಳೋಣ. ಒಟ್ಟು 32 ಲಕ್ಷ. ಬ್ಯಾಂಕಿನ ಸಾಲ ಬಡ್ಡಿ ಸೇರಿ 6 ಲಕ್ಷ. ಉಳಿದ 26 ಲಕ್ಷವೇ ಆ ಮನೆತನದ ನಿಜವಾದ ಪಾಲು. ಮುಂದೆ ಕೃಷ್ಣೆಯ ನೀರು ಕಾಲುವೆಯಲ್ಲಿ ಹರಿದು ಬಂದು ಎಕರೆಗೆ 15 ಲಕ್ಷವಾಯಿತೆನ್ನಿ. ಹೊಲದ ಬೆಲೆ 60 ಲಕ್ಷಕ್ಕೇರುತ್ತದೆ. ಬ್ಯಾಂಕಿಗೆ ಸಲ್ಲಬೇಕಾದದ್ದು ಅಸಲು, ಬಡ್ಡಿ ಮಾತ್ರ. ಹೆಚ್ಚಿದ ಬೆಲೆಯಲ್ಲಿ ಅದಕ್ಕೆ ಪಾಲಿಲ್ಲ. ಇದು ತಿಳಿಯದೆ, ಸಾಲದ ಅಂಜಿಕೆಯಿಂದ ಹೊಲವನ್ನೇ ಅಗ್ಗಕ್ಕೆ ಮಾರಿದವರು ಸಾಲದ ಜೊತೆಗೆ ಈ ಪಾಲನ್ನೂ ಕಳೆದುಕೊಳ್ಳುತ್ತಾರೆ.

ಸಾಲ ತೀರಿಸುವುದಕ್ಕಿಂತ ಅದನ್ನು ಸರಿಯಾಗಿ ಮುಗಿಸುವುದೇ ಕಷ್ಟ. ಮೊದಲನೆಯ ತೊಡಕು ಬೋಜಾ ಇಳಿಸುವುದು. ಬ್ಯಾಂಕಿಗೆ ಹಣ ಕಟ್ಟಿದ ಮಾತ್ರಕ್ಕೆ ಉತಾರದ ದಾಖಲೆ ತಾನಾಗಿಯೇ ಅಳಿಯಿತೆಂದು ನಂಬಿ ಕೂರಬಾರದು. ಬೇಬಾಕಿ ಪ್ರಮಾಣಪತ್ರ ಪಡೆದು, ಋಣ ತೆಗೆಸಿ, ಹೊಸ ಉತಾರ ತೆಗೆದು 11ನೇ ಅಂಕಣವನ್ನು ಕಣ್ಣಾರೆ ನೋಡಬೇಕು. ಮನೆ ಸಾಲ, ಶಿಕ್ಷಣ ಸಾಲದಂಥ ವೈಯಕ್ತಿಕ ಸಾಲಗಳು ತೀರಿದ 30 ದಿನಗಳೊಳಗೆ ಆಸ್ತಿಯ ಮೂಲ ಕಾಗದಗಳನ್ನು ಮರಳಿಸಬೇಕು, ತಪ್ಪು ಬ್ಯಾಂಕಿನದಾದರೆ ವಿಳಂಬದ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಆದೇಶಿಸಿದೆ. ಆದರೆ ಬೆಳೆ ಸಾಲ ಆ ಗುಂಪಿಗೆ ಸೇರಿದ್ದಲ್ಲ. ಅಲ್ಲಿ ರೈತನೇ ಬೆನ್ನುಹತ್ತಬೇಕು.

ಎರಡನೆಯದು, ರಾಜಿಯ ತೀರುವಳಿ. ಬಡ್ಡಿ ಬಿಟ್ಟು ಇಷ್ಟು ಕಟ್ಟಿದರೆ ಸಾಕು ಎಂದು ಬ್ಯಾಂಕು ಒಪ್ಪಿದಾಗ ಹಗುರವೆನಿಸುತ್ತದೆ. ಆದರೆ ಸಾಲದ ಇತಿಹಾಸದ ವರದಿಯಲ್ಲಿ ಅದು ಪೂರ್ಣ ಪಾವತಿಯೆಂದಲ್ಲ, ‘ಸೆಟಲ್ಡ್’ ಎಂದು ದಾಖಲಾಗುತ್ತದೆ. ನಾಳೆ ಮಗಳು ಇಂಜಿನಿಯರಿಂಗಿಗೆ ಶಿಕ್ಷಣ ಸಾಲ ಕೇಳಿದರೆ, ಜೊತೆಗೆ ಸಹಿ ಹಾಕುವ ತಂದೆಯ ವರದಿಯನ್ನೂ ಬ್ಯಾಂಕು ತೆರೆದು ನೋಡುತ್ತದೆ.

ಮೂರನೆಯದು, ಕೂಡಿದ ಹೊಲ. ಸರ್ವೆ ನಂಬರು ಒಂದೇ, ಅಣ್ಣತಮ್ಮಂದಿರು ಮೂವರು. ಅಣ್ಣ ಮಾಡಿದ ಸಾಲದ ಬೋಜಾ ಎಲ್ಲರಿಗೂ ಅಡ್ಡ ಬರುತ್ತದೆ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು ಕರ್ನಾಟಕದಲ್ಲಿ 1994ರಲ್ಲೂ, ಇಡೀ ದೇಶಕ್ಕೆ 2005ರಲ್ಲೂ ಕಾನೂನಾಯಿತು. ಆದ್ದರಿಂದ ಪಾಲಾಗುವ ಮೊದಲೇ ಯಾರ ಸಾಲ ಎಷ್ಟು, ಯಾರ ಪಾಲಿನಿಂದ ಅದು ಕಳೆಯಬೇಕು ಎಂಬುದನ್ನು ಕೂತು ಬರೆದುಕೊಳ್ಳುವುದು ಒಳ್ಳೆಯದು.

ಎಲ್ಲಕ್ಕಿಂತ ಅಪಾಯಕಾರಿ ನಾಲ್ಕನೆಯದು. ಖಾಸಗಿ ಸಾಲಕ್ಕೆ ಭದ್ರತೆಯೆಂದು ಹೊಲವನ್ನು ಖರೀದಿಪತ್ರ ಮಾಡಿಕೊಡುವುದು. “ರೊಕ್ಕ ಕೊಟ್ಟ ದಿನ ಹೊಲಾ ತಿರುಗಿ ನಿಮ್ಮ ಹೆಸರಿಗೆ” ಎಂಬ ಬಾಯಿಮಾತು ನೆಚ್ಚಿ ಹೆಬ್ಬೆಟ್ಟು ಒತ್ತಿದರೆ ಮುಗಿಯಿತು. ಮರಳಿ ಬರೆದುಕೊಡುವ ಷರತ್ತು ಅದೇ ಪತ್ರದಲ್ಲಿ ಇಲ್ಲದಿದ್ದರೆ ಆ ವ್ಯವಹಾರವನ್ನು ಅಡಮಾನವೆಂದು ಎಣಿಸುವುದಿಲ್ಲ ಎಂದು ಆಸ್ತಿ ವರ್ಗಾವಣೆ ಕಾಯ್ದೆಗೆ 1929ರಲ್ಲೇ ತಿದ್ದುಪಡಿಯಾಗಿದೆ. ನಿಜವಾದ ಅಡಮಾನವಾದರೆ, ಅದನ್ನು ಬಿಡಿಸಿಕೊಳ್ಳಲು ದಾವೆ ಹೂಡುವ ಹಕ್ಕು 30 ವರ್ಷ ಇರುತ್ತದೆ. ಖರೀದಿಪತ್ರವಾದರೆ, ಮೊದಲು ಹೇಳಿದ 26 ಲಕ್ಷದ ಪಾಲು ಒಂದು ಸಹಿಯಲ್ಲಿ ಹೋಗುತ್ತದೆ.

ಇದೇ ಪ್ರಶ್ನೆಗೆ ದೂರದ ಸ್ಕಾಟ್ಲೆಂಡಿನವರು ಬೇರೊಂದು ಉತ್ತರ ಕಂಡುಕೊಂಡಿದ್ದಾರೆ. ಅಲ್ಲಿ ಸಾಲದಲ್ಲಿ ಮುಳುಗಿದವನು ಒಬ್ಬ ಮಧ್ಯಸ್ಥನ ಮೂಲಕ ‘ಟ್ರಸ್ಟ್ ಡೀಡ್’ ಎಂಬ ಕರಾರು ಮಾಡಿಕೊಂಡು, ಸಾಮಾನ್ಯವಾಗಿ ನಾಲ್ಕು ವರ್ಷ ಕಂತು ಕಟ್ಟುತ್ತಾನೆ. ಅವನ ಮನೆಯ ಬೆಲೆಯಲ್ಲಿ ಸಾಲ ಕಳೆದು ಉಳಿಯುವ ಪಾಲನ್ನು ಆರಂಭದಲ್ಲೇ ಲೆಕ್ಕ ಹಾಕುತ್ತಾರೆ. ಆ ಪಾಲಿನ ಹಣವನ್ನು ಕೆಲವರು ಹೆಚ್ಚಿನ ಕಂತು ಕಟ್ಟಿ ತುಂಬುತ್ತಾರೆ, ಕೆಲವರಿಗೆ ಬಂಧುಗಳು ನೆರವಾಗುತ್ತಾರೆ. ಮನಗೂಳಿಗೂ ಎಡಿನ್‌ಬರೋಗೂ ಹೋಲಿಕೆಯಿಲ್ಲ, ನಿಜ. ಆದರೂ ಪಾಠ ಒಂದೇ. ಆಸ್ತಿಯ ಲೆಕ್ಕ ಮೊದಲ ದಿನವೇ ಕಾಗದದ ಮೇಲಿರಬೇಕು, ಕೊನೆಯ ದಿನ ಬಿಡುಗಡೆಯೂ ಕಾಗದದ ಮೇಲೆಯೇ ಆಗಬೇಕು.

ಈ ಕೆಲಸದಲ್ಲಿ ವಿದ್ಯಾರ್ಥಿಗಳ ಪಾತ್ರ ದೊಡ್ಡದು. ಮನೆಯಲ್ಲಿ ಓದು ಬಲ್ಲವರು ಅವರೇ ಅಲ್ಲವೆ? 2000ದ ನಂತರ ‘ಭೂಮಿ’ ಯೋಜನೆಯಿಂದ ಪಹಣಿ ಗಣಕಯಂತ್ರಕ್ಕೆ ಬಂದಿದೆ, ಈಗ ಕೈಯಲ್ಲಿನ ಮೊಬೈಲಿನಲ್ಲೇ ಅದನ್ನು ನೋಡಬಹುದು. ಶೇಕಡಾವಾರು ಬಡ್ಡಿಯ ಲೆಕ್ಕವನ್ನು ಪರೀಕ್ಷೆಗಾಗಿ ಕಲಿತವರು ಒಮ್ಮೆ ಮನೆಯ ಸಾಲಕ್ಕೂ ಹಾಕಿ ನೋಡಲಿ. ಬರುವ ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುವ ಮೊದಲು ಅಪ್ಪನ ಜೊತೆ ಕೂತು ಉತಾರದ 11ನೇ ಅಂಕಣವನ್ನು ಓದಲಿ. ಅದು ಖಾಲಿಯಿದ್ದರೆ ಆ ದಿನದ ಹೋಳಿಗೆ ಇನ್ನಷ್ಟು ಸಿಹಿ. ಖಾಲಿಯಿಲ್ಲದಿದ್ದರೆ, ಅದನ್ನು ಖಾಲಿ ಮಾಡುವ ದಾರಿ ಹುಡುಕಲು ಅದೇ ಒಳ್ಳೆಯ ದಿನ.