ಹನ್ನೆರಡನೆಯ ಪಟ

ನಮ್ಮೂರು ರಟ್ಟೀಹಳ್ಳಿಯ ಹೊಳೆ ಕುಮುದ್ವತಿಗೆ ಅರಬ್ಬೀ ಸಮುದ್ರದ ಮೇಲೆ ಏನೋ ಮುನಿಸು. ಘಟ್ಟವೊಂದನ್ನು ಇಳಿದರೆ ಕಡಲು ಹತ್ತಿರ. ಆದರೂ ಅತ್ತ ಬೆನ್ನು ಹಾಕಿ, ತುಂಗಭದ್ರೆಯನ್ನು ಕೂಡಿ, ಕೃಷ್ಣೆಯ ಜೊತೆ ದೂರದ ಬಂಗಾಳ ಕೊಲ್ಲಿಯ ಹಾದಿ ಹಿಡಿಯುತ್ತದೆ. ಹೊಳೆ ಮಾಡದ ಕೆಲಸವನ್ನು ನಾನು ಮಾಡುತ್ತಿದ್ದೆ. ವರ್ಷಕ್ಕೆರಡು ಸಲ ಹೆಗಲಿಗೆ ಕ್ಯಾಮೆರಾ ಹಾಕಿಕೊಂಡು ಹಿರೇಕೆರೂರು, ಶಿರಾಳಕೊಪ್ಪ, ಸೊರಬ, ಶಿರಸಿ ಎಂದು ಬಸ್ಸು ಬದಲಿಸುತ್ತ, ದೇವಿಮನೆ ಘಟ್ಟ ಇಳಿದು ಕುಮಟಾ ಸೇರುತ್ತಿದ್ದೆ.

ಕ್ಯಾಮೆರಾ ಎಂದರೆ ಹಳೆಯ ಆಗ್ಫಾ ಕ್ಲಿಕ್ ತ್ರೀ. ಬಿಸಿಲಿಗೊಂದು, ಮೋಡಕ್ಕೊಂದು ಗುರುತು. ಅದಕ್ಕಿಂತ ಹೆಚ್ಚಿನ ವಿದ್ಯೆ ಅದಕ್ಕೆ ಬಾರದು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ‘ಇಂದು’ ರೋಲು ಹಾಕಿದರೆ 12 ಪಟ. ಆ ಕಾರ್ಖಾನೆ ಈಗ ಮುಚ್ಚಿಹೋಗಿದೆ. ಆಗ ಒಂದು ಪಟ ಕೆಟ್ಟರೂ ಕರುಳು ಚುರ್ರೆನ್ನುತ್ತಿತ್ತು.

ಬೆಳಕಿನ ಮೊದಲ ಪಾಠವನ್ನು ನಾನು ಕಲಿತದ್ದು ನಮ್ಮೂರ ಕದಂಬೇಶ್ವರ ಗುಡಿಯಲ್ಲಿ. ಓರೆ ಬಿಸಿಲು ಬಿದ್ದಾಗ ಕಡೆದ ಕಂಬಗಳ ಒಂದೊಂದು ಬಳೆಯೂ ಎದ್ದು ಕಾಣುತ್ತದೆ. ನಡುಹಗಲಲ್ಲಿ ಅದೇ ಕಂಬ ಬರೀ ಕಲ್ಲು. ಎರಡನೆಯ ಗುರು ಮೈಸೂರಿನ ಟಿ.ಎಸ್. ಸತ್ಯನ್ (1923–2009). ಕಣ್ಣಾರೆ ಕಂಡವನಲ್ಲ, ಪತ್ರಿಕೆಗಳಲ್ಲಿ ಬಂದ ಅವರ ಕಪ್ಪು-ಬಿಳುಪು ಚಿತ್ರಗಳನ್ನು ಕತ್ತರಿಸಿ ಇಟ್ಟುಕೊಂಡವನು. 1977ರಲ್ಲಿ ಪದ್ಮಶ್ರೀ ಪಡೆದ ಅವರು ಹುಡುಕಿದ್ದು ದೊಡ್ಡವರ ಮುಖಗಳಿಗಿಂತ ಹೆಚ್ಚಾಗಿ ಬೀದಿಯ ಮಕ್ಕಳ, ದುಡಿಯುವವರ ಮುಖಗಳನ್ನು. ನಾನೋ, ಅವರ ಚಿತ್ರ ನೋಡಿ ಮೆಚ್ಚಿ, ಮತ್ತೆ ಮುಳುಗುವ ಸೂರ್ಯನ ಹಿಂದೆಯೇ ಓಡುತ್ತಿದ್ದೆ!

1993ರ ಬೇಸಿಗೆ. ಅಘನಾಶಿನಿ ಕಡಲು ಸೇರುವಲ್ಲಿ, ತದಡಿಯ ದಂಡೆಯಲ್ಲಿ, ಹೆಂಗಸೊಬ್ಬಳು ಬಂಗಡೆ ಒಣಹಾಕುತ್ತಿದ್ದಳು. ಹಿಂದೆ ಮುದುಕಿಯೊಬ್ಬಳು ಕೋಲು ಹಿಡಿದು ಕಾಗೆ ಕಾಯುತ್ತಿದ್ದಳು. ದೂರದಿಂದಲೇ ಒಂದು ಪಟ ತೆಗೆದೆ.

“ನಮ್ಮ ಪಟ ನಮಗೊಂದು ಬೇಡ್ವಾ?” ಎಂದಳು ಆಕೆ.

“ಕಳಿಸ್ತೀನಿ” ಎಂದೆ. ವಿಳಾಸ ಕೇಳಲಿಲ್ಲ. ಅಂಥ ‘ಕಳಿಸ್ತೀನಿ’ಗಳನ್ನು ಆ ದಂಡೆಯ ಜನ ಎಷ್ಟು ಕೇಳಿದ್ದರೋ!

ಊರಲ್ಲಿ ತೊಳೆಸಿ ತಂದ ಚಿತ್ರಗಳನ್ನು ಅವ್ವ ಒಂದೊಂದಾಗಿ ನೋಡಿದಳು. ಅವಳು ಸಮುದ್ರ ಕಂಡವಳಲ್ಲ. ಸೂರ್ಯಾಸ್ತಗಳನ್ನೆಲ್ಲ ಬದಿಗಿಟ್ಟು ಈ ಪಟದ ಮೇಲೆ ಬೆರಳಿಟ್ಟಳು. ಆಕೆ ಕೇಳಿದ್ದನ್ನು ಹೇಳಿದೆ.

“ಅವರ ಮಾರಿ ಅವರಿಗೆ ಕೊಡಾಕ ಬಸ್ಸಿನ ರೊಕ್ಕದ ಲೆಕ್ಕ ಹಾಕ್ತಿ ಏನು? ಹೋಗಿ ಕೊಟ್ಟು ಬಾ.”

ಮಳೆಗಾಲ ಕಳೆದ ಮೇಲೆ ಹೋದೆ. ಅದೇ ದಂಡೆ, ಅದೇ ಹೆಂಗಸು. ಕಾಗೆ ಓಡಿಸಲು ಮಾತ್ರ ಒಬ್ಬ ಹುಡುಗನಿದ್ದ. ಆಕೆ ಕೈ ಒರೆಸಿಕೊಂಡು ಪಟ ತೆಗೆದುಕೊಂಡಳು. ತನ್ನ ಮುಖ ನೋಡಲೇ ಇಲ್ಲ. ಬೆನ್ನ ಹಿಂದೆ ಉಗುರಿನಷ್ಟು ಕಾಣುತ್ತಿದ್ದ ಮುದುಕಿಯನ್ನೇ ನೋಡುತ್ತ ನಿಂತಳು.

“ಅತ್ತೆ ಮಳೆಗಾಲದಲ್ಲಿ ಹೋದ್ರು. ಅವರದ್ದು ಒಂದೂ ಪಟ ಇರಲಿಲ್ಲ. ಇದನ್ನ ದೊಡ್ಡದು ಮಾಡೋಕೆ ಆಗ್ತದಾ?”

ಆಗುವುದಿಲ್ಲವೆಂದು ನನಗೆ ಗೊತ್ತಿತ್ತು. ಅಷ್ಟು ಸಣ್ಣ ಮುಖವನ್ನು ಹಿಗ್ಗಿಸಿದರೆ ಉಳಿಯುವುದು ಬರೀ ಕಾಳುಕಾಳು ಕಪ್ಪು. ನಾಲ್ಕು ಹೆಜ್ಜೆ ಮುಂದೆ ಹೋಗಿದ್ದರೆ, ಎರಡು ಮಾತಾಡಿ ಮುದುಕಿಯದೊಂದು ಪಟ ತೆಗೆದಿದ್ದರೆ ಎಂದು ಎನ್ನಿಸಿತು. ಅಂದು ಉಳಿದ ಪಟಗಳನ್ನು ಸಂಜೆಯ ಸೂರ್ಯನಿಗೆ ಮೀಸಲಿಟ್ಟಿದ್ದೆ. ಆಕೆ ಬೇಡವೆಂದರೂ ಕೇಳದೆ ಒಂದು ಹಿಡಿ ಒಣ ಶೆಟ್ಲಿಯನ್ನು ಕಾಗದದಲ್ಲಿ ಕಟ್ಟಿಕೊಟ್ಟಳು.

ಆ ಸಲ ರೋಲಿನ ಹನ್ನೊಂದು ಪಟ ಮುಗಿದಿದ್ದವು. ಮನೆಗೆ ಬಂದಾಗ ಅವ್ವ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಅಷ್ಟು ವರ್ಷ ಕ್ಯಾಮೆರಾ ಮನೆಯಲ್ಲಿದ್ದರೂ ಅವಳದೊಂದು ಪಟ ತೆಗೆದಿರಲಿಲ್ಲವೆಂಬುದು ಆಗ ನೆನಪಾಯಿತು. ಹತ್ತಿರ ಹೋಗಿ ಕ್ಲಿಕ್ಕಿಸಿದೆ.

“ಯಾಕ, ಸಮುದ್ರ ಮುಗೀತೇನು?” ಎಂದು ನಕ್ಕಳು.

ಆ ನಗು ಈಗ ನಮ್ಮ ಪಡಸಾಲೆಯ ಗೋಡೆಯ ಮೇಲಿದೆ. ತೀರ ಹತ್ತಿರ ಹೋದೆನೆಂದು ಮುಖ ತುಸು ಮಸುಕಾಗಿದೆ. ಆ ಕ್ಯಾಮೆರಾಕ್ಕೆ ಅಷ್ಟು ಹತ್ತಿರದ್ದು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ.